ತಡವಾಗಿ ಈಯುವ ಎಮ್ಮೆಗಳು: ಗದಗ ಸೀಮೆಯ ಒಂದು ಕೊಟ್ಟಿಗೆಯ ಪ್ರಕರಣ

ಗದಗ ತಾಲ್ಲೂಕಿನಲ್ಲಿ, ಹುಲಕೋಟಿಯಿಂದ ಒಳಗೆ ಹೋದರೆ ಸಿಗುವ ಒಂದು ಊರು. ಅಲ್ಲಿನ ಒಕ್ಕಲುತನದ ಮನೆಯೊಂದು 2023ರ ಡಿಸೆಂಬರ್‌ನಲ್ಲಿ ತನ್ನ ಎಮ್ಮೆಗಳನ್ನೆಲ್ಲ ಮಾರಿ, ಸಾಲ ಮಾಡಿಯಾದರೂ ಹರಿಯಾಣದ ಮುರ್ರಾ ಎಮ್ಮೆ ತರಬೇಕೆಂದು ಗಟ್ಟಿ ಮಾಡಿಕೊಂಡಿತ್ತು. ಕೊಟ್ಟಿಗೆಯಲ್ಲಿ ಇದ್ದದ್ದು ಆರು ಈದ ಎಮ್ಮೆ, ಇನ್ನೂ ಈಯದ ಎರಡು ಮಣಕ. ಎಲ್ಲವೂ ಈ ಸೀಮೆಯವೇ: ಕಡುಕಪ್ಪು ಮೈ, ಮಧ್ಯಮ ಗಾತ್ರ, ಅರ್ಧಚಂದ್ರದಂತೆ ಬಾಗಿ ಹಿಂದಕ್ಕೆ ಹೆಗಲ ತನಕ ಹೋಗುವ ಕೋಡು. ಮಾರಾಟಕ್ಕೆ ಯಜಮಾನರು ಕೊಟ್ಟ ಕಾರಣ ಇಷ್ಟೇ: "ನಮ್ಮ ಎಮ್ಮಿ ಒಂದ್ಸಲ ಈದ್ರ ಮತ್ತ ಈಯಾಕ ಒಂದೂವರಿ ವರ್ಷ ತೊಗೊಂತಾವ್ರಿ. ಅವುಗಳ ರಕ್ತನ ಹಂಗೈತಿ."

ಈ ಮಾತಿನ ಮೊದಲ ಅರ್ಧವನ್ನು ಅಳೆದು ನೋಡಬಹುದು, ನೋಡಿದೆವು. ಎರಡನೆಯ ಅರ್ಧವನ್ನು ನಮ್ಮ ಕಡೆ ಯಾರೂ ಪ್ರಶ್ನೆ ಮಾಡುವುದೇ ಇಲ್ಲ. ಎಮ್ಮೆ ತಡವಾಗಿ ಗಬ್ಬ ನಿಂತರೆ ತಳಿಯನ್ನು ಬೈಯುತ್ತಾರೆ, ಕಸಾಯಿಖಾನೆಗೋ ಸಂತೆಗೋ ಹೊಡೆಯುತ್ತಾರೆ. ಹಾಗೆ ಹೋದ ಎಮ್ಮೆಗಳಲ್ಲಿ ನಿಜವಾಗಿ ರಕ್ತದ ದೋಷ ಇದ್ದದ್ದು ಎಷ್ಟು ಕಡಿಮೆ ಎಂಬುದನ್ನು ಈ ಕೊಟ್ಟಿಗೆ ಚೆನ್ನಾಗಿ ತೋರಿಸುತ್ತದೆ. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮನೆಯಲ್ಲಿ ದಾಖಲೆ ಎಂಬುದು ಇರಲಿಲ್ಲ. ಆದರೆ ಅಜ್ಜಿಗೆ ಪ್ರತಿ ಎಮ್ಮೆ ಯಾವ ಹಬ್ಬಕ್ಕೆ ಈಯ್ದದ್ದು ಎಂಬುದು ನೆನಪಿತ್ತು. ಯುಗಾದಿ, ಕಾರಹುಣ್ಣಿಮಿ, ಪಂಚಮಿ, ಬನ್ನಿ, ಸೀಗಿಹುಣ್ಣಿಮಿ, ಹಟ್ಟಿಹಬ್ಬ, ಎಳ್ಳಮವಾಸಿ. ಹಬ್ಬದ ಲೆಕ್ಕವನ್ನು ಹಾಗೇ ಹಿಡಿದರೆ ತಪ್ಪಾಗುತ್ತದೆ. ಚಾಂದ್ರಮಾನದ ವರ್ಷ ಸುಮಾರು 354 ದಿನದ್ದು, ಹೀಗಾಗಿ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಮುಂಚೆ ಬರುತ್ತದೆ. ಅಧಿಕ ಮಾಸ ಬಿದ್ದ ವರ್ಷ ಹಿಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಶ್ರಾವಣವೇ ಅಧಿಕವಾಗಿ ಬಂದದ್ದರಿಂದ ಆಮೇಲಿನ ಹಬ್ಬಗಳೆಲ್ಲ ತಡವಾದವು. ಪಂಚಾಂಗ ಮುಂದಿಟ್ಟುಕೊಂಡು ಅಜ್ಜಿಯ ಒಂದೊಂದೇ ಹಬ್ಬವನ್ನು ತಾರೀಖಿಗೆ ಇಳಿಸಿದೆವು. ಹೆಣ್ಣುಮಕ್ಕಳ ಈ ನೆನಪನ್ನು ಪಶು ಇಲಾಖೆಯ ಯಾವ ನಮೂನೆಯೂ ಕೇಳುವುದಿಲ್ಲ. ಕೇಳಬೇಕು.

ಮೂರು ಎಮ್ಮೆಗಳ ಲೆಕ್ಕ ಸ್ಪಷ್ಟವಾಗಿ ಸಿಕ್ಕಿತು. ಹಣೆಯ ಮೇಲೆ ಬಿಳಿ ಬೊಟ್ಟಿರುವ ಚುಕ್ಕಿ 2022ರ ಯುಗಾದಿಗೆ, ಅಂದರೆ ಏಪ್ರಿಲ್ 2ಕ್ಕೆ ಈದು, ಮತ್ತೆ ಈದದ್ದು 2023ರ ಸೀಗಿಹುಣ್ಣಿಮಿಗೆ, ಅಕ್ಟೋಬರ್ 28ಕ್ಕೆ. ನಡುವೆ 574 ದಿನ. ಕೆಂಚಿ 2022ರ ನಾಗರ ಪಂಚಮಿಗೆ, ಆಗಸ್ಟ್ 2ಕ್ಕೆ ಈದದ್ದು, ಮುಂದಿನ ಸಲ 2023ರ ಬಲಿಪಾಡ್ಯಮಿಗೆ, ನವೆಂಬರ್ 14ಕ್ಕೆ. 469 ದಿನ. ಗೌರಿ 2022ರ ಬನ್ನಿ ಮುಡಿಯುವ ದಿನ, ಅಕ್ಟೋಬರ್ 5ಕ್ಕೆ ಈದು, 2023ರ ಗೌರಿಹುಣ್ಣಿಮಿಗೆ, ನವೆಂಬರ್ 27ಕ್ಕೆ ಮತ್ತೆ ಈಯ್ತು. 418 ದಿನ. ಈ ಗೌರಿ ಚುಕ್ಕಿಯ ಹೊಟ್ಟೆಯಲ್ಲೇ ಹುಟ್ಟಿದ ಮಗಳು.

ಎಮ್ಮೆಯ ಗಬ್ಬದ ಅವಧಿ ಸುಮಾರು 310 ದಿನ. ಅದರಲ್ಲಿ ಹೆಚ್ಚು ಕಡಿಮೆ ಮಾಡಲು ನಮ್ಮ ಕೈಯಲ್ಲಿ ಏನೂ ಇಲ್ಲ. ಉಳಿದದ್ದು ಈದ ದಿನದಿಂದ ಮತ್ತೆ ಗಬ್ಬ ನಿಲ್ಲುವ ತನಕದ ಖಾಲಿ ದಿನಗಳು: ಚುಕ್ಕಿಗೆ 264, ಕೆಂಚಿಗೆ 159, ಗೌರಿಗೆ 108. ಇದನ್ನೇ ಹಿಂದಕ್ಕೆ ಎಣಿಸಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಚುಕ್ಕಿ ಗಬ್ಬ ನಿಂತದ್ದು 2022ರ ಡಿಸೆಂಬರ್ ಕೊನೆಗೆ, ಕೆಂಚಿ 2023ರ ಜನವರಿ ಎರಡನೆಯ ವಾರ, ಗೌರಿ ಜನವರಿ ಮೂರನೆಯ ವಾರ. ಈದದ್ದು ಆರು ತಿಂಗಳ ಅಂತರದಲ್ಲಿ, ಗಬ್ಬ ನಿಂತದ್ದು ಒಂದೇ ತಿಂಗಳ ಒಳಗೆ. ಮೂರೂ ಎಮ್ಮೆಗಳು ಒಂದೇ ಬಾಗಿಲು ತೆರೆಯಲೆಂದು ಕಾದಿದ್ದವು. ಯುಗಾದಿಗೆ ಈದದ್ದು ಹೆಚ್ಚು ಕಾಯಿತು, ಬನ್ನಿಗೆ ಈದದ್ದು ಕಡಿಮೆ ಕಾಯಿತು.

ಎಮ್ಮೆ ಹಗಲು ಗಿಡ್ಡಾಗುವ ಕಾಲಕ್ಕೆ ಬೆದೆಗೆ ಬರುವ ಪ್ರಾಣಿ. ರಾತ್ರಿ ಉದ್ದವಾದಾಗ ಮೆದುಳಿನಲ್ಲಿ ಮೆಲಟೋನಿನ್ ಹೆಚ್ಚು ಹೊತ್ತು ಸ್ರವಿಸುತ್ತದೆ, ಅದು ಅಂಡಾಶಯದ ಕೆಲಸಕ್ಕೆ ಚಾಲನೆ ಕೊಡುತ್ತದೆ. ಬೇಸಿಗೆಯಲ್ಲಿ ಇದರ ಮೇಲೆ ಬಿಸಿಲಿನ ಹೊಡೆತ ಬೇರೆ. ಕಪ್ಪು ತೊಗಲು, ಆಕಳಿಗಿಂತ ಬಹಳ ಕಡಿಮೆ ಬೆವರಿನ ಗ್ರಂಥಿ. ಕೆರೆಯಲ್ಲಿ ಮಲಗಲು ನೀರಿದ್ದರೆ ಎಮ್ಮೆ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಈ ಊರಿನ ಕೆರೆ ಹೋಳಿಹುಣ್ಣಿಮಿ ದಾಟಿದ ಮೇಲೆ ಕೆಸರೂ ಉಳಿಸುವುದಿಲ್ಲ. ಆದರೆ ಕಾಲಮಾನ ಒಂದೇ ಕಾರಣವಾಗಿದ್ದರೆ ಚುಕ್ಕಿ ಸೆಪ್ಟೆಂಬರ್-ಅಕ್ಟೋಬರ್‌ಗೇ ನಿಲ್ಲಬೇಕಿತ್ತು. ಡಿಸೆಂಬರ್ ತನಕ ಏಕೆ ಹೋಯಿತು? ಇದಕ್ಕೆ ಉತ್ತರ ಮೇವು ಹಾಕುವ ಗ್ವಾದಲಿಯಲ್ಲಿ ಇತ್ತು.

ಮೇವು ಅಂದರೆ ಜೋಳದ ಕಣಿಕಿ, ಸುಗ್ಗಿ ಮುಗಿದ ಮೇಲೆ ಕಡಲೆ ಹೊಟ್ಟು, ಶೇಂಗಾ ಹೊಟ್ಟು. ಕಣಿಕಿಯಲ್ಲಿ ಪ್ರೋಟೀನು ನೂರಕ್ಕೆ ಮೂರು-ನಾಲ್ಕು ಪಾಲು ಮಾತ್ರ, ರಂಜಕವೂ ಕಡಿಮೆ. ಹತ್ತಿಕಾಳಿನ ಹಿಂಡಿ ಕೊಡುತ್ತಿದ್ದರು, ಆದರೆ ಹಾಲು ಕರೆಯುವಾಗ, ಹಾಲು ಕೊಡುವ ಎಮ್ಮೆಗೆ ಮಾತ್ರ. ಹಾಲು ಬತ್ತಿಸಿದ ದಿನವೇ ಹಿಂಡಿ ಬಂದ್. ಹೊಟ್ಟೆಯೊಳಗಿನ ಕರು ಬಹುಪಾಲು ಬೆಳೆಯುವುದು ಕೊನೆಯ ಎರಡು-ಮೂರು ತಿಂಗಳಲ್ಲಿ. ಆ ಹೊತ್ತಿಗೇ ತಾಯಿ ಬರೀ ಕಣಿಕಿಯ ಮೇಲೆ ಇರುತ್ತಿತ್ತು. ಈಯುವಾಗಲೇ ಪಕ್ಕೆಲುಬು ಕಾಣುತ್ತಿದ್ದ ಎಮ್ಮೆ, ಈದ ಮೇಲೆ ಹಾಲಿಗೆ ಮೈ ಕರಗಿಸಿ, ಅಂಡಾಶಯಕ್ಕೆ ಏನನ್ನೂ ಉಳಿಸುತ್ತಿರಲಿಲ್ಲ. ಖನಿಜ ಮಿಶ್ರಣದ ಪಾಕೀಟು ಒಂದು ಗೂಟಕ್ಕೆ ನೇತುಬಿದ್ದಿತ್ತು, ಒಡೆದೇ ಇರಲಿಲ್ಲ.

ಉಳಿದ ಮೂರರಲ್ಲಿ ಎರಡು ಎಮ್ಮೆ 2023ರ ಬೇಸಿಗೆಯ ಹೊಸ್ತಿಲಲ್ಲಿ ಈದು ಇನ್ನೂ ಖಾಲಿ ಇದ್ದವು. ಎರಡನ್ನೂ ಮನೆಯವರು ಒಂದೇ ಮಾತಿನಲ್ಲಿ "ಬೆದಿಗಿನ ಬರವಲ್ಲವ್ರಿ" ಅಂದಿದ್ದರು. ಕೈಹಾಕಿ ಪರೀಕ್ಷೆ ಮಾಡಿದಾಗ ಎರಡೂ ಬೇರೆ ಬೇರೆ ಕಥೆ. ಒಂದರ ಅಂಡಾಶಯ ಚಿಕ್ಕದಾಗಿ ನುಣ್ಣಗೆ ಇತ್ತು, ಏನೂ ಕೆಲಸ ನಡೆದಿರಲಿಲ್ಲ. ಅದು ನಿಜವಾಗಿಯೇ ಬೆದೆಗೆ ಬಂದಿರಲಿಲ್ಲ. ಇನ್ನೊಂದರ ಅಂಡಾಶಯದಲ್ಲಿ ಪೀತಕಾಯ, ಅಂದರೆ ಬೆದೆಯಾದ ಮೇಲೆ ಮೂಡುವ ಹಳದಿ ಗಂಟು, ಚೆನ್ನಾಗಿ ಬೆಳೆದಿತ್ತು. ಅಂದರೆ ಅದು ಈಗಾಗಲೇ ಬೆದೆಗೆ ಬಂದು ಹೋಗಿತ್ತು, ನೋಡಿದವರಿಲ್ಲ. ಇದನ್ನು ಮೂಕ ಬೆದೆ ಎನ್ನುತ್ತಾರೆ. ಆಕಳಿನಂತೆ ಎಮ್ಮೆ ಇನ್ನೊಂದರ ಮೇಲೆ ಹಾರುವುದು ಅಪರೂಪ, ಲೋಳೆಯೂ ಉದ್ದಕ್ಕೆ ಇಳಿಬೀಳುವುದು ಕಡಿಮೆ, ಮಲಗಿದಾಗ ನೆಲದ ಮೇಲೆ ಒಂದಿಷ್ಟು ಬಿದ್ದಿರುತ್ತದೆ. ಮತ್ತೆ ಮತ್ತೆ ಒಂದಿಷ್ಟಿಷ್ಟೇ ಉಚ್ಚೆ ಹೊಯ್ಯುವುದು, ಹಾಲು ಇದ್ದಕ್ಕಿದ್ದಂತೆ ತಗ್ಗುವುದು, ಮೇವು ಬಿಡುವುದು, ಇಷ್ಟೇ ಗುರುತು. ಅದೂ ಹೆಚ್ಚಾಗಿ ಸಂಜೆಯಿಂದ ನಸುಕಿನ ತನಕ. ಈ ಮನೆಯಲ್ಲಿ ಎಮ್ಮೆಯನ್ನು ಕಣ್ಣಿಟ್ಟು ನೋಡುತ್ತಿದ್ದದ್ದು ಬೆಳಿಗ್ಗೆ ಹಾಲು ಕರೆಯುವಾಗ, ಆಗಲೇ ಸೆಗಣಿ ಬಳಿದು ನೆಲ ತೊಳೆದಿರುತ್ತಿತ್ತು. ಬೆದೆ ಇಪ್ಪತ್ತೊಂದು ದಿನಕ್ಕೊಮ್ಮೆ ಬರುತ್ತದೆ. ಒಂದು ತಪ್ಪಿದರೆ ಇಪ್ಪತ್ತೊಂದು ದಿನದ ಹಿಂಡಿ, ಮೇವು, ದುಡಿಮೆ ವ್ಯರ್ಥ.

ಈಗ ರಕ್ತದ ಮಾತು. ಗುಣವೊಂದು ವಂಶದಿಂದ ಎಷ್ಟು ಬರುತ್ತದೆ ಎಂಬುದಕ್ಕೆ ತಳಿ ವಿಜ್ಞಾನದಲ್ಲಿ ಆನುವಂಶೀಯತೆ ಎಂಬ ಅಳತೆ ಇದೆ, ಸೊನ್ನೆಯಿಂದ ಒಂದರ ತನಕ. ಒಂದು ಹಿಂಡಿನ ಎಮ್ಮೆಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ತಂದೆ-ತಾಯಿಯಿಂದ ಮಕ್ಕಳಿಗೆ ದಾಟುವ ಪಾಲು ಎಷ್ಟು ಎಂಬುದನ್ನು ಅದು ಹೇಳುತ್ತದೆ. ಎಮ್ಮೆಗಳಲ್ಲಿ ಈತದ ಅಂತರಕ್ಕೂ (ಒಂದು ಸಲ ಈದ ದಿನದಿಂದ ಮತ್ತೆ ಈಯುವ ತನಕ), ಖಾಲಿ ದಿನಗಳಿಗೂ ಈ ಅಂಕಿ ಬಹಳ ಚಿಕ್ಕದು, ಸಾಮಾನ್ಯವಾಗಿ 0.1ರ ಕೆಳಗೆ. ಒಂದು ಸೂಲಿನ, ಅಂದರೆ ಒಮ್ಮೆ ಈದು ಬತ್ತುವ ತನಕದ ಹಾಲಿಗೆ 0.2ರಿಂದ 0.3ರ ಆಸುಪಾಸು. ಹಾಲಿನ ಕೊಬ್ಬಿನಂಶಕ್ಕೆ ಸಾಮಾನ್ಯವಾಗಿ ಅದಕ್ಕೂ ಮೇಲೆ.

ಯಜಮಾನರ ಮುಂದೆ ಇದನ್ನು ಲೆಕ್ಕ ಮಾಡಿ ತೋರಿಸಿದೆ. ಒಂದು ಎಮ್ಮೆಯ ಈತದ ಅಂತರ ಹಿಂಡಿನ ಸರಾಸರಿಗಿಂತ 100 ದಿನ ಹೆಚ್ಚು ಅಂದುಕೊಳ್ಳೋಣ. ಆನುವಂಶೀಯತೆ 0.05 ಆದರೆ ಅದರಲ್ಲಿ ರಕ್ತದ ಪಾಲು 5 ದಿನ. ಮಗಳಿಗೆ ತಾಯಿಯ ಅರ್ಧ ಮಾತ್ರ ಬರುವುದರಿಂದ ಎರಡೂವರೆ ದಿನ. ಅಂಥ ತಾಯಿಯನ್ನು ಮಾರಿದರೆ ಮುಂದಿನ ಪೀಳಿಗೆಯಲ್ಲಿ ಕೈಗೆ ಸಿಗುವುದು ಆ ಎರಡೂವರೆ ದಿನ. ಅದೇ, ದಿನಕ್ಕೆ ಸರಾಸರಿಗಿಂತ ಎರಡು ಲೀಟರ್ ಹೆಚ್ಚು ಕೊಡುವ ಎಮ್ಮೆಯ ಮಗಳನ್ನು ಉಳಿಸಿಕೊಂಡರೆ, 0.25ರ ಲೆಕ್ಕದಲ್ಲಿ ಮಗಳಿಗೆ ದಿನಕ್ಕೆ ಕಾಲು ಲೀಟರ್ ದಾಟುತ್ತದೆ, ಅವಳ ಜೀವಮಾನದ ಎಲ್ಲ ಸೂಲಿಗೂ. ಅವರು ಸುಮ್ಮನೆ ಕೂತು ಕೇಳಿ, "ಹಂಗಾರ ಚುಕ್ಕಿ ತಪ್ಪೇನೂ ಇಲ್ಲೇನ್ರಿ?" ಅಂದರು. ಚುಕ್ಕಿಯೂ ಗೌರಿಯೂ ತಾಯಿ-ಮಗಳು, ಒಂದಕ್ಕೆ 574, ಇನ್ನೊಂದಕ್ಕೆ 418 ಎಂಬುದನ್ನು ಅವರೇ ನೆನಪಿಸಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಇದ್ದರೆ ಅರ್ಧ ಸತ್ಯವಾಗುತ್ತದೆ. ಆನುವಂಶೀಯತೆ ಕಡಿಮೆ ಎಂದಾಕ್ಷಣ ಫಲವಂತಿಕೆಗೂ ವಂಶಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಹತ್ತಿರದ ರಕ್ತ ಕೂಡಿದಾಗ ಮೊದಲು ಪೆಟ್ಟು ಬೀಳುವುದು ಇದೇ ಗುಣಗಳಿಗೆ: ಗಬ್ಬ ನಿಲ್ಲುವುದು, ಕರು ಬದುಕುವುದು. ಈ ಊರಿನಲ್ಲಿ ಎಲ್ಲರ ಎಮ್ಮೆಗೂ ದ್ಯಾಮವ್ವನ ಹೆಸರಿಗೆ ಬಿಟ್ಟ ಒಂದೇ ಕೋಣ, ವರ್ಷಗಟ್ಟಲೆ. ಗೌರಿ ಆ ಕೋಣನ ಮಗಳು. ಗೌರಿಯನ್ನು ಹಾರಿಸಿದ್ದೂ ಅದೇ ಕೋಣ. ತಂದೆ-ಮಗಳ ಕೂಡುವಿಕೆಯಿಂದ ಹುಟ್ಟಿದ ಕರುವಿನಲ್ಲಿ ಒಳಸಂತಾನದ ಪ್ರಮಾಣ ನೂರಕ್ಕೆ 25. ಎರಡು ಮಣಕಗಳಲ್ಲಿ ಒಂದರ ಹುಟ್ಟು ಹೀಗೆಯೇ ಆದದ್ದು. ಅದು ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದೆ ಕುಳ್ಳಾಗಿ ಉಳಿದಿತ್ತು. ಅದಕ್ಕೆ ರಕ್ತ ಎಷ್ಟು ಕಾರಣ, ಮೇವು ಎಷ್ಟು ಕಾರಣ ಎಂದು ಬೇರ್ಪಡಿಸುವುದು ಒಂದೇ ಪ್ರಾಣಿಯಲ್ಲಿ ಆಗದ ಕೆಲಸ, ಏಕೆಂದರೆ ಮಣಕಗಳಿಗೆ ಈ ಮನೆಯಲ್ಲಿ ಸಿಗುತ್ತಿದ್ದದ್ದು ದೊಡ್ಡ ಎಮ್ಮೆ ತಿಂದು ಬಿಟ್ಟ ಕಣಿಕಿಯ ದಂಟು. ಮಣಕ ಬೆದೆಗೆ ಬರುವುದು ವಯಸ್ಸು ನೋಡಿ ಅನ್ನುವುದಕ್ಕಿಂತ ತೂಕ ನೋಡಿ. ಬೆಳೆದ ಎಮ್ಮೆಯ ಅರ್ಧಕ್ಕಿಂತ ಮೇಲೆ ತೂಕ ಮುಟ್ಟಬೇಕು. ಮೂರು ವರ್ಷಕ್ಕೆ ಮುಟ್ಟಿಸಬಹುದಾದದ್ದನ್ನು ನಾಲ್ಕು ದಾಟಿಸಿ, ಆಮೇಲೆ "ನಮ್ಮ ತಳಿ ತಡ" ಎನ್ನುವುದು ನ್ಯಾಯವಲ್ಲ.

ದೊಡ್ಡಿ ಎಂಬ ಹೆಸರಿನ ಆರನೆಯ ಎಮ್ಮೆಯ ವಿಷಯದಲ್ಲಿ ನನ್ನ ಸಲಹೆ ಬೇರೆಯೇ ಇತ್ತು. ಅದಕ್ಕೆ ಎರಡು ಸೂಲಿನಲ್ಲೂ ಈಯುವ ಮುಂಚೆ ಮೈ, ಅಂದರೆ ಯೋನಿಯ ಒಳಭಾಗ, ಹೊರಬಿದ್ದಿತ್ತು. ಇದಕ್ಕೆ ಖನಿಜದ ಕೊರತೆಯೂ ಕಾರಣ ಇರುತ್ತದೆ, ವಂಶದ ಒಲವೂ ಇರುತ್ತದೆ. ಅದನ್ನು ಮುಂದೆ ಗಬ್ಬ ಮಾಡಿಸದೆ, ಅದರ ಹೆಣ್ಣು ಕರುವನ್ನೂ ತಳಿಗೆ ಇಟ್ಟುಕೊಳ್ಳದೆ, ಹಾಲು ಮುಗಿದ ಮೇಲೆ ಮಾರಲು ಹೇಳಿದೆ. ಮಾರಿದರು.

ಉಳಿದದ್ದರ ಮೇಲೆ ನಡೆದ ಕೆಲಸದಲ್ಲಿ ಹೊಸ ವಿದ್ಯೆ ಏನೂ ಇರಲಿಲ್ಲ. ಜಂತಿನ ಔಷಧಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಬತ್ತಿಸಿದ ಎಮ್ಮೆಗೂ ಕೊನೆಯ ಎರಡು ತಿಂಗಳು ಹಿಂಡಿ. ಬೋರಿನ ಬದುವಿನಲ್ಲಿ ಒಂದಿಷ್ಟು ಹಸಿ ಮೇವು. ಬೇಸಿಗೆಯಲ್ಲಿ ಹಗಲು ಮೂರು ಸಲ ಮೈಮೇಲೆ ನೀರು, ತಗಡಿನ ಮೇಲೆ ಕಣಿಕಿಯ ಹೊದಿಕೆ. ರಾತ್ರಿ ಮಲಗುವ ಮುಂಚೆ ಒಮ್ಮೆ, ನಸುಕಿನಲ್ಲಿ ಸೆಗಣಿ ಬಳಿಯುವ ಮುಂಚೆ ಒಮ್ಮೆ ಬ್ಯಾಟರಿ ಹಿಡಿದು ಎಮ್ಮೆಯ ಹಿಂದಿನ ನೆಲ ನೋಡುವುದು. ಈ ಕೆಲಸವನ್ನು ಸೊಸೆ ವಹಿಸಿಕೊಂಡರು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಪ್ಪತ್ತೊಂದನೆಯ ದಿನಕ್ಕೆ ಮುಂಚಿತವಾಗಿಯೇ ಸುತ್ತು ಹಾಕತೊಡಗಿದರು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಈ ಸುತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಪೀತಕಾಯ ಇದ್ದ ಎಮ್ಮೆಗೆ ಪಶುವೈದ್ಯರು ಚುಚ್ಚುಮದ್ದು ಕೊಟ್ಟು ಬೆದೆ ಬರಿಸಿ, ಜನವರಿಯಲ್ಲಿ ಗಬ್ಬ ನಿಲ್ಲಿಸಿದರು. ನುಣ್ಣಗಿನ ಅಂಡಾಶಯದ ಎಮ್ಮೆ ಮೈ ಹಿಡಿದ ಮೇಲೆ ತಾನಾಗಿಯೇ ಬೆದೆಗೆ ಬಂತು, ಮೊದಲ ಸಲ ನಿಲ್ಲಲಿಲ್ಲ, ಮುಂದಿನ ಬೆದೆಗೆ ನಿಂತಿತು. ಚುಕ್ಕಿ 2024ರ ಫೆಬ್ರುವರಿ ಕೊನೆಗೆ ಗಬ್ಬ ನಿಂತು, ಡಿಸೆಂಬರ್ 30ರ ಎಳ್ಳಮವಾಸಿಯ ದಿನ ಈಯ್ತು. ಈ ಸಲದ ಅಂತರ 429 ದಿನ. ಅದೇ ಎಮ್ಮೆ, ಅದೇ ರಕ್ತ. ಇದಕ್ಕೆ ಮೇವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಹಿಂದಿನ ಸಲ ಯುಗಾದಿಗೆ ಈದು ಬೇಸಿಗೆಯ ಬಾಯಿಗೆ ಬಿದ್ದಿತ್ತು, ಈ ಸಲ ಸೀಗಿಹುಣ್ಣಿಮಿಗೆ ಈದು ಒಳ್ಳೆಯ ಕಾಲಕ್ಕೆ ಸಿಕ್ಕಿತು. ಎರಡೂ ಸೇರಿ 145 ದಿನ ಉಳಿಸಿದವು. ಎರಡರಲ್ಲಿ ಯಾವುದೂ ವಂಶಕ್ಕೆ ಸಂಬಂಧಪಟ್ಟದ್ದಲ್ಲ.

ಮುರ್ರಾ ತರುವ ಯೋಚನೆ ಏನಾಯಿತು? ಮುರ್ರಾ ಹೆಚ್ಚು ಹಾಲಿನ ತಳಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಾಲು ಬರುವುದು ಹಸಿ ಮೇವು, ನೀರು, ಹಿಂಡಿ ಧಾರಾಳವಾಗಿ ಇರುವಲ್ಲಿ. ಮಳೆ ನಂಬಿದ ಎರೆಹೊಲ, ಬೇಸಿಗೆಗೆ ಸೊರಗುವ ಬೋರು ಇರುವ ಈ ಮನೆಗೆ ಅದನ್ನು ತಂದು ಕಣಿಕಿಯ ಮೇಲೆ ಕಟ್ಟಿದರೆ ಖಾಲಿ ದಿನಗಳು ಕಡಿಮೆಯಾಗುವ ಬದಲು ಹೆಚ್ಚಾಗುತ್ತವೆ. ಇದೇ ನೆಲದ ಎಮ್ಮೆ ಕಣಿಕಿ ತಿಂದು ಏಳರ ಸುತ್ತಮುತ್ತಲ ಕೊಬ್ಬಿನ ಹಾಲು ಕೊಡುತ್ತದೆ. ಧಾರವಾಡ ಪೇಡೆಗೆ ಬೇಕಾದದ್ದು ಇಂಥ ಹಾಲೇ. ನೂರು ಕಿಲೋ ಎಮ್ಮೆ ಹಾಲಿಗೆ ಇಪ್ಪತ್ತು ಕಿಲೋಗಿಂತ ಹೆಚ್ಚು ಖೋವಾ ಇಳಿಯುತ್ತದೆ, ಆಕಳ ಹಾಲಿಗೆ ಅಷ್ಟು ಇಳಿಯುವುದಿಲ್ಲ. ಪೇಡೆಗೆ ಭೌಗೋಳಿಕ ಗುರುತು ಸಿಕ್ಕು ವರ್ಷಗಳಾದ ಮೇಲೆ, 2021ರಲ್ಲಿ, ಅದರ ಹಿಂದಿನ ಎಮ್ಮೆಗೆ ಹೆಸರು ಸಿಕ್ಕಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಧ್ಯಯನದ ಮೇಲೆ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ "ಧಾರವಾಡಿ" ಎಂದು ಪ್ರತ್ಯೇಕ ತಳಿಯಾಗಿ ನೋಂದಾಯಿಸಿತು. ಅದಕ್ಕೂ ಹಿಂದೆ, 1970ರ ದಶಕದಲ್ಲಿ, ಅಖಿಲ ಭಾರತ ಎಮ್ಮೆ ಸಂಶೋಧನಾ ಯೋಜನೆ ಧಾರವಾಡದಲ್ಲಿ ನಡೆದದ್ದು ಗುಜರಾತಿನ ಸುರ್ತಿ ತಳಿಯ ಮೇಲೆ. ಮನೆಮುಂದಿನ ಎಮ್ಮೆಯನ್ನು ತಳಿ ಎಂದು ಕರೆಯಲು ಇಷ್ಟು ತಡವಾದದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ಹೆಸರು ಬಂದದ್ದರಿಂದ ಹಾಲು ಏರುವುದಿಲ್ಲ. ವಂಶದಿಂದ ದಾಟುವ ಗುಣಗಳನ್ನು ಆರಿಸಬೇಕಾದರೆ ಎಮ್ಮೆವಾರು ಲೆಕ್ಕ ಬೇಕು. ಡೇರಿಯ ಪುಸ್ತಕದಲ್ಲಿ ಇರುವುದು ಇಡೀ ಮನೆಯ ಕೂಡಿದ ಹಾಲಿನ ಫ್ಯಾಟು. ಈಗ ತಿಂಗಳಿಗೊಂದು ದಿನ ಪ್ರತಿ ಎಮ್ಮೆಯ ಹಾಲನ್ನು ಬೇರೆ ಕ್ಯಾನಿನಲ್ಲಿ ಅಳೆದು, ಬೇರೆ ಬಾಟಲಿಯಲ್ಲಿ ಪರೀಕ್ಷೆಗೆ ಒಯ್ಯುತ್ತಾರೆ. ಮೊದಲು ಕರೆದ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಗೆ ಕರೆದದ್ದರಲ್ಲಿ ಹೆಚ್ಚು, ಆದ್ದರಿಂದ ಪೂರ್ತಿ ಕರೆದು ಕಲಸಿದ ಮೇಲೆಯೇ ಮಾದರಿ ತೆಗೆಯಬೇಕು. ಹಾಲು ಬತ್ತುತ್ತ ಬಂದಂತೆ ಫ್ಯಾಟು ಏರುವುದರಿಂದ, ಎರಡು ಎಮ್ಮೆಗಳನ್ನು ಹೋಲಿಸುವಾಗ ಈದು ಎಷ್ಟು ತಿಂಗಳಾಯಿತು ಎಂಬುದೂ ಸರಿಸಮ ಇರಬೇಕು. ಹೀಗೆ ನೋಡಿದಾಗ ಒಂದು ಸಂಗತಿ ತಿಳಿಯಿತು: ಎಲ್ಲರಿಗಿಂತ ಮೊದಲು ಸಂತೆಗೆ ಹೋಗಬೇಕಿದ್ದ ಚುಕ್ಕಿ ಮತ್ತು ಅದರ ಮಗಳು ಗೌರಿಯೇ ಮನೆಯಲ್ಲಿ ಹಾಲಿಗೂ ಫ್ಯಾಟಿಗೂ ಮುಂದು.

ಕೊನೆಗೆ ಉಳಿದದ್ದು ಕೋಣನ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದು ಎಮ್ಮೆ ಜೀವಮಾನದಲ್ಲಿ ನಾಲ್ಕಾರು ಕರು ಹಾಕುತ್ತದೆ, ಒಂದು ಕೋಣ ಊರಿನ ಎಲ್ಲ ಕರುಗಳಿಗೂ ತಂದೆ. ಆದರೆ ಗಂಡುಗರ ಹುಟ್ಟಿದರೆ ನಮ್ಮಲ್ಲಿ ಅದಕ್ಕೆ ಹಾಲು ಬಿಡುವುದಿಲ್ಲ. ತಾಯಿಯ ಹಾಲಿನ ಮೂಲಕವೇ ದಾಟುವ ದುಂಡುಹುಳದ ಬಾಧೆಗೆ ಮೊದಲ ತಿಂಗಳುಗಳಲ್ಲೇ ಬಹಳಷ್ಟು ಸಾಯುತ್ತವೆ. ಹತ್ತನೆಯ ದಿನದ ಹೊತ್ತಿಗೆ ಒಂದು ಜಂತಿನ ಔಷಧಿ ಕೊಟ್ಟರೆ ಉಳಿಯುವ ಜೀವಗಳು ಅವು. ಸಾಯದೆ ಉಳಿದದ್ದು ಯಾವುದೋ ಅದೇ ಮುಂದೆ ಊರ ಕೋಣ. ಅದರ ತಾಯಿ ಎಷ್ಟು ಹಾಲು ಕೊಟ್ಟಳು ಎಂದು ಕೇಳಿದವರಿಲ್ಲ. ಆರಿಸಲು ಏನೂ ಉಳಿಯದಂತೆ ಮಾಡಿ ತಳಿ ಸುಧಾರಿಸಲಿಲ್ಲ ಎಂದು ಕೊರಗುತ್ತೇವೆ.

ಚುಕ್ಕಿ ಎಳ್ಳಮವಾಸಿಗೆ ಹಾಕಿದ್ದು ಗಂಡುಗರ. ಅದರ ತಂದೆ ಊರ ಕೋಣನಲ್ಲ, ಅಣ್ಣಿಗೇರಿ ಕಡೆಯ ಒಂದು ಮನೆಯದು, ಅದರ ತಾಯಿಯ ಹಾಲನ್ನು ಎರಡು ಹೊತ್ತೂ ನಿಂತು ಅಳೆದು ನೋಡಿ ಆರಿಸಿದ್ದು. ಈ ಕರುವಿಗೆ ಹೊಟ್ಟೆತುಂಬ ಹಾಲು ಬಿಟ್ಟು ಬೆಳೆಸುತ್ತಿದ್ದಾರೆ. ಇದು ಸ್ವಂತ ಕೊಟ್ಟಿಗೆಯ ಚುಕ್ಕಿಗೂ ಗೌರಿಗೂ ಬೇಡ, ಅಕ್ಕಪಕ್ಕದ ಊರುಗಳಿಗೆ ಹೋಗಬೇಕು. ಬದಲಿಗೆ ಅಲ್ಲಿಂದ ಬೇರೆ ಕೋಣ ಬರಬೇಕು. ಸದ್ಯ ನಾಲ್ಕು ಮನೆಗಳು ಈ ಅದಲು-ಬದಲಿಗೆ ಒಪ್ಪಿವೆ.

ಈ ಕೋಣ ನಿಜವಾಗಿ ಒಳ್ಳೆಯದೇ ಎಂದು ತಿಳಿಯುವುದು ಅದರ ಹೆಣ್ಣುಮಕ್ಕಳು ಹಾಲು ಕರೆದ ಮೇಲೆ. 0.25 ಆನುವಂಶೀಯತೆಯ ಗುಣಕ್ಕೆ, ಹದಿನೈದು ಹೆಣ್ಣುಮಕ್ಕಳ ಹಾಲಿನ ಲೆಕ್ಕ ಇದ್ದರೆ ತೀರ್ಪಿನ ಮೇಲೆ ಅರ್ಧದಷ್ಟು ಭರವಸೆ ಇಡಬಹುದು. ಈತದ ಅಂತರದಂಥ 0.05ರ ಗುಣಕ್ಕೆ ಅಷ್ಟೇ ಭರವಸೆಗೆ 79 ಹೆಣ್ಣುಮಕ್ಕಳು ಬೇಕು. ನಾಲ್ಕು ಮನೆಗೆ 79 ಆಗದ ಮಾತು, ಹದಿನೈದು ಆಗಬಹುದು. ಕರು 2027ರಲ್ಲಿ ಕೋಣನಾಗಿ ಹಾರಿದರೆ 2028ರಲ್ಲಿ ಮಕ್ಕಳು ಹುಟ್ಟುತ್ತವೆ, ಚೆನ್ನಾಗಿ ಸಾಕಿದರೆ ಅವು 2032ರ ಹೊತ್ತಿಗೆ ಈಯುತ್ತವೆ, ಮೊದಲ ಸೂಲಿನ ಲೆಕ್ಕ ಮುಗಿಯುವುದು 2033ಕ್ಕೆ. ಅಲ್ಲಿಯ ತನಕ ಕೋಣವನ್ನು ಆರಿಸಲು ತಾಯಿಯ ಹಾಲೊಂದೇ ಆಧಾರ. ಹೀಗಾಗಿ ನಾಲ್ಕೂ ಮನೆಗಳಲ್ಲಿ ಪ್ರತಿ ಎಮ್ಮೆಗೆ ಒಂದೊಂದು ಪುಟ: ಈದ ತಾರೀಖು, ಬೆದೆಯ ತಾರೀಖು, ಹಾರಿಸಿದ ಕೋಣ, ತಿಂಗಳಿಗೊಮ್ಮೆ ಲೀಟರು, ಫ್ಯಾಟು. ಬರೆಯುತ್ತಿರುವವರು ನಾಲ್ಕೂ ಮನೆಯ ಸೊಸೆಯಂದಿರು.